ಬಾಯಿ ಮುಚ್ಚದ ಕೌದಿ

ಕಾಕು ಬಟ್ಟೆಯನ್ನು ಕೆನ್ನೆಯಿಂದ ನೋಡುತ್ತಿದ್ದಳು. ಯಾವ ಅರಿವೆ ಕೈಗೆ ಬಂದರೂ ಎಡಗೆನ್ನೆಯ ಮೇಲಿಟ್ಟು, ಕಣ್ಣಿನ ಕೆಳಗಿನಿಂದ ಗದ್ದದವರೆಗೆ ನಿಧಾನವಾಗಿ ಎಳೆಯುತ್ತಿದ್ದಳು. ಆ ಕೆನ್ನೆಯ ತುಂಬ ಸಿಡುಬಿನ ಕಲೆ. ಅಷ್ಟು ಒರಟು ಕೆನ್ನೆಗೆ ಸಾಸಿವೆಗಿಂತ ಸಣ್ಣ ಗಂಟು ಹೇಗೆ ಸಿಗುತ್ತದೆ ಎಂದು ನನಗೆ ಸೋಜಿಗ. ಸಿಕ್ಕ ಕೂಡಲೇ ಒಂದೇ ಮಾತು, "ಬಿಚ್ಚವಾ."

ಆಕೆ ನನ್ನ ಸ್ವಂತ ಕಾಕು, ಅಂದರೆ ಚಿಕ್ಕಮ್ಮ, ಅಲ್ಲ. ದಾಂಡೇಲಿಯ ಕಾಗದದ ಗಿರಣಿಯ ಚಾಳಿನಲ್ಲಿ ನಮ್ಮ ಬಾಜೂ ಮನೆಯಾಕೆ. ಬೆಳಗಾವಿ ಕಡೆಯಿಂದ ಬಂದವಳು, ಗಂಡ ಗಿರಣಿಯಲ್ಲಿದ್ದರು. ಚಾಳಿಗೆಲ್ಲ ಕಾಕು, ಹೀಗಾಗಿ ನನಗೂ ಕಾಕು. ನಮ್ಮೆರಡು ಮನೆಗಳ ನಡುವಿನ ಗೋಡೆ ಹೆಂಚಿನವರೆಗೆ ಮುಟ್ಟುತ್ತಿರಲಿಲ್ಲ. ಈಚೆ ಒಗ್ಗರಣೆ ಹಾಕಿದರೆ ಆಚೆ ಸೀನು. ನಾನು ಧಾರವಾಡದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದಾಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ರೊಟ್ಟಿ ಬಡಿಯಲು ಬರುತ್ತಿತ್ತು, ಜಗಳಕ್ಕೂ ನಾನೇನು ಕಡಿಮೆಯಿರಲಿಲ್ಲ. ಸೂಜಿ ಮಾತ್ರ ನನ್ನ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಹರಿದ ಕುಪ್ಪಸವನ್ನು ಪಿನ್ನು ಚುಚ್ಚಿ ಸಾಗಿಸುವವಳು ನಾನು.

ಅಂಥವಳ ಮುಂದೆ ಕಾಕು ಒಂದು ಮಧ್ಯಾಹ್ನ ಹಳೆಯ ಅರಿವೆಗಳ ಗಂಟು ತಂದಿಟ್ಟು, "ನನ್ನ ಮಗಳ ಕೂಸಿಗೆ ಕೌದಿ ಹೊಲಿಯೂದೈತಿ. ನೀ ಹೊಲಿಬೇಕು" ಅಂದಳು.

ನಾನು ನಕ್ಕೇಬಿಟ್ಟೆ. "ಕಾಕು, ಚಾಳಿನಾಗಿನ ಕೂಸುಗಳಿಗೆಲ್ಲಾ ಕೌದಿ ಹೊಲದಾಕಿ ನೀವು. ನನಗ ಸೂಜ್ಯಾಗ ದಾರ ಸುದ್ದಾ ಪೋಣಸಾಕ ಬರೂದಿಲ್ಲರಿ."

"ಬರೂದಿಲ್ಲಂತನ ನಿನಗ ಹೇಳಾಕತ್ತೇನಿ. ನಿನ್ನ ಕೈಯಿಂದ ಇನ್ನೂ ಏನೂ ಕೆಟ್ಟಿಲ್ಲ."

ಆಮೇಲೆ ತಿಳಿಯಿತು. ಮಗಳ ಎರಡು ಹೆರಿಗೆಗಳೂ ಇದೇ ಚಾಳಿನ ಮನೆಯಲ್ಲಿ ಆಗಿದ್ದವು. ಎರಡೂ ಕೂಸುಗಳಿಗೆ ಕಾಕು ತನ್ನ ಕೈಯಾರೆ ಕೌದಿ ಹೊಲಿದಿದ್ದಳು. ಎರಡೂ ತೊಟ್ಟಿಲಿಗೆ ಹಾಕುವ ಮೊದಲೇ ಹೋದವು. ಈಗ ಮೂರನೆಯದು. ಅಳಿಯ ಅರಣ್ಯದ ಕೆಲಸದ ಮೇಲೆ ಕುಂಬಾರವಾಡದಲ್ಲಿದ್ದ. ತವರುಮನೆ ಆಗಿಬರಲಿಲ್ಲ, ಈ ಸಲ ಅಲ್ಲಿಗೆ ಕಳಿಸುವುದಿಲ್ಲ, ತಾಯಿಯೂ ಬರುವುದು ಬೇಡ ಎಂದು ಬೀಗರು ಕಡ್ಡಿ ಮುರಿದಂತೆ ಹೇಳಿದ್ದರು. ಕಾಕು ಎದುರಾಡಲಿಲ್ಲ. ಅವರ ಮಾತು ಸುಳ್ಳೆಂದು ಹೇಳುವ ಧೈರ್ಯ ಆಕೆಗೇ ಇರಲಿಲ್ಲ. ಬಸುರಿ ಮಗಳಿಗೆ ಆಕೆಯಿಂದ ಹೋಗಬಹುದಾದದ್ದು ಈ ಕೌದಿ ಒಂದೇ, ಅದಕ್ಕೂ ಆಕೆಯ ಕೈ ತಾಗಿದ ಸೂಜಿ ಬೇಡ.

ಹೀಗೆ ಶುರುವಾಯಿತು ನನ್ನ ಹೊಲಿಗೆ. ನಾನು ಅಂಗಡಿಯಿಂದ ಹೂವಿನ ಚೀಟಿ ಬಟ್ಟೆ ತರುತ್ತೇನೆಂದರೆ ಕಾಕು ಗದರಿದಳು. "ಹೊಸಾದು ಬ್ಯಾಡ. ಒಗದ ಒಗದ ಮೆತ್ತಗಾಗಿರಬೇಕು. ಮೈಮ್ಯಾಲೆ ಅರಿವಿ ಐತಿ ಅಂತ ಕೂಸಿಗೆ ಗೊತ್ತಾಗಬಾರದು." ಮಕ್ಕಳು ಚೆನ್ನಾಗಿ ಬೆಳೆದ ಮನೆಗಳಿಂದ ಹಳೆಯ ಲಂಗ, ಧೋತರ, ಅಂಗಿ ಬೇಡಿ ತಂದಿದ್ದಳು. ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಒಳಗೆ ಸಾಲು ಹೊಡೆಯುತ್ತ ಬರಬೇಕು. ಆಕೆ ಪಕ್ಕದಲ್ಲಿ ಕೂತು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಹೇಳಿಕೊಡುತ್ತಿದ್ದಳು. ನನ್ನ ಸೂಜಿ ತಪ್ಪಿದಾಗಲೆಲ್ಲ ಆ ಕೈಗಳು ಹೊರಗೆ ಬರುತ್ತಿದ್ದವು, ಮತ್ತೆ ಒಳಗೆ ಹೋಗುತ್ತಿದ್ದವು.

"ಸಾಲು ಹೊಡ್ಯಾಕತ್ತೀಯೋ, ಕುಂಬಾರವಾಡದ ದಾರಿ ಮಾಡಾಕತ್ತೀಯೋ?" ಎಂದು ಕೇಳುವಳು. ದಾರಿಯ ಆ ತಿರುವುಗಳು ನನ್ನ ಹೊಲಿಗೆಯಲ್ಲಿ ಇದ್ದದ್ದು ನಿಜ. ಗಂಟು ಕೂಸಿನ ಮೈ ತಾಗುವ ಬದಿಗೆ ಬರಬಾರದು, ಪದರದ ನಡುವೆ ಅಡಗಬೇಕು. ನನ್ನವು ಮೇಲೆಯೇ ಬರುತ್ತಿದ್ದವು. ಕಾಕು ಕೆನ್ನೆಗೆ ಹಚ್ಚಿ ನೋಡುವಳು, "ಬಿಚ್ಚವಾ, ಚುಚ್ಚತೈತಿ" ಅನ್ನುವಳು. ನಾನು ಹಲ್ಲು ಕಚ್ಚಿ ಬಿಚ್ಚುತ್ತಿದ್ದೆ. ಕೌದಿಯನ್ನು ಒಲೆಗೆ ಹಾಕಬೇಕು ಅನ್ನಿಸಿದ ದಿನಗಳೂ ಇದ್ದವು.

ಒಂದು ದಿನ ಆಕೆಯ ಕೆನ್ನೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ನಿಲ್ಲದೆ ಹೋಯಿತು. ಕಾಕು ಮುಂದಿನ ತುಂಡು ನನ್ನ ಕಡೆಗೆ ಸರಿಸಿದಳು, ಅಷ್ಟೇ. ನನಗೆ ಆದ ಖುಷಿ ಹೇಳತೀರದು. ನನ್ನ ಕೈಯಿಂದ ಒಂದು ಸಾಲು ನೆಟ್ಟಗೆ ಬಂದಿತ್ತು, ಅದರ ಕೆಳಗೆ ಒಂದು ಕೂಸು ಮಲಗಲಿತ್ತು. ಪಾಳಿ ಮುಗಿಸಿ ಬಂದ ನಮ್ಮವರಿಗೆ ತೋರಿಸಿದರೆ, "ಛಲೋ ಆಗೇತಿ, ಊಟಕ್ಕ ಹಾಕು" ಅಂದರು. ಆ ಖುಷಿ ತಿಳಿಯುವುದು ಕಾಕುವಿಗೊಬ್ಬಳಿಗೇ.

ನಮ್ಮ ಕಡೆ ಕೌದಿಗೂ ಹೊಟ್ಟೆಯಿದೆ. ಎಲ್ಲ ಹೊಲಿದ ಮೇಲೆ ಒಂದು ಮೂಲೆಯನ್ನು ಬಿಡುತ್ತಾರೆ. ಅದು ಬಾಯಿ. ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು, ಆಮೇಲೆ ಮುಚ್ಚಿ ಹೊಲಿಯಬೇಕು. ಕೌದಿ ಹಸಿದಿದ್ದರೆ ಹೊದ್ದವರಿಗೆ ಒಳ್ಳೆಯದಲ್ಲ. ಕೂಸಿನ ಕೌದಿಗೆ ಕಾಕು ಇನ್ನೊಂದು ನೇಮ ಸೇರಿಸಿದ್ದಳು. "ಕೂಸು ಅತ್ತದ್ದ ಸುದ್ದಿ ಬಂದ ಮ್ಯಾಲೆ ಬಾಯಿ ಮುಚ್ಚೂಣು. ಅವಸರ ಬ್ಯಾಡ."

ಸುದ್ದಿ ಬರಬೇಕಾದದ್ದು ಕುಂಬಾರವಾಡದ ಬಸ್ಸಿನಲ್ಲಿ. ಆ ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ದಿನ ತುಂಬಿದ ಮೇಲೆ ನಾವಿಬ್ಬರೂ ಬಸ್ಸಿನ ಹೊತ್ತಿಗೆ ಕೌದಿಯ ಚೀಲ ಹಿಡಿದು ಸ್ಟ್ಯಾಂಡಿಗೆ ಹೋಗಿ ಕೂರುತ್ತಿದ್ದೆವು. ಸುದ್ದಿ ಬಂದ ಕೂಡಲೇ ಅಲ್ಲೇ ಬಾಯಿ ಮುಚ್ಚಿ, ತಿರುಗಿ ಹೋಗುವ ಅದೇ ಬಸ್ಸಿನಲ್ಲಿ ಕಳಿಸಬೇಕು. ದಾರ ಪೋಣಿಸಿದ ಸೂಜಿ ಕೌದಿಯ ಮೂಲೆಯಲ್ಲೇ ಚುಚ್ಚಿಕೊಂಡಿತ್ತು. ರೊಟ್ಟಿಯ ಚೂರನ್ನು ಕಾಕು ದಿನಾ ಹೊಸದಾಗಿ ಸೆರಗಿನ ತುದಿಗೆ ಕಟ್ಟಿಕೊಂಡು ಬರುತ್ತಿದ್ದಳು.

ಒಂದು ದಿನ ಬಸ್ಸಿನಿಂದ ಅಳಿಯನೇ ಇಳಿದ. ಮುಖ ನೋಡಿದೊಡನೆ ನನಗೆ ತಿಳಿಯಿತು. ಕಾಕುವಿಗೆ ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ, ಆಕೆ ನಗುತ್ತಲೇ ಎದ್ದಳು. ಅವನು ಹತ್ತಿರ ಬಂದು ನೆಲ ನೋಡುತ್ತ ನಿಂತ.

"ಕೂಸು ಅಳಲೇ ಇಲ್ಲರಿ, ಅತ್ತಿ."

ಕಾಕು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ನನ್ನ ಮಗಳು?"

"ಅದಾಳ್ರಿ. ಮಾತಾಡವಲ್ಲಳು."

"ನೀವು ಹಸಿದು ಬಂದಿರಬೇಕು. ಮನಿಗೆ ಬರ್ರಿ" ಅಂದು ಕಾಕು ಸೆರಗಿನ ಗಂಟು ಬಿಚ್ಚಿ ರೊಟ್ಟಿಯ ಚೂರನ್ನು ಸ್ಟ್ಯಾಂಡಿನ ನಾಯಿಗೆ ಹಾಕಿದಳು. ದಾರಿಯುದ್ದಕ್ಕೂ ಅಳಿಯನ ಪ್ರಯಾಣದ ವಿಚಾರವನ್ನೇ ಕೇಳುತ್ತ ಬಂದಳು. ಚೀಲ ನನ್ನ ಕೈಯಲ್ಲಿತ್ತು.

ಕೆಲವು ದಿನ ಬಿಟ್ಟು ನಾನೇ ಕೇಳಿದೆ. "ಕಾಕು, ಕೌದಿ ಬಿಚ್ಚಲೇನ್ರಿ?" ಕಣ್ಣಿಗೆ ಬೀಳದಿದ್ದರೆ ಆಕೆಗೆ ಹಗುರಾದೀತೆಂದು ನನ್ನ ಲೆಕ್ಕ. ಕಾಕು ಅದನ್ನು ಇಸಿದುಕೊಂಡು ಕೆನ್ನೆಗೆ ಹಚ್ಚಿ ನೋಡಿದಳು, ಎಲ್ಲ ಸಾಲುಗಳನ್ನೂ, ಒಂದೂ ಬಿಡದೆ.

"ಬ್ಯಾಡ. ಎಲ್ಲೂ ಚುಚ್ಚೂದಿಲ್ಲ."

ಟ್ರಂಕಿನಲ್ಲಿಟ್ಟು ಮುಚ್ಚಿಬಿಟ್ಟಳು. ಮಗಳು ಮತ್ತೆ ಬಸುರಾಗಲಿಲ್ಲ, ತವರಿಗೂ ಬರಲಿಲ್ಲ. ಕಾಕುವನ್ನು ಚಾಳಿನವರು ಯಾವ ತೊಟ್ಟಿಲಿಗೂ ಕರೆಯಲಿಲ್ಲ. ಕರೆದಿದ್ದರೂ ಆಕೆ ಹೋಗುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಕರೆಯಬೇಕಿತ್ತು. ಆಕೆಯ ಕೌದಿ ಹೊದ್ದು ಬೆಳೆದ ಮಕ್ಕಳೇ ಓಣಿಯ ತುಂಬ ಓಡಾಡುತ್ತಿದ್ದರು. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ನಾನು ಬಸುರಾದಾಗ ಕಾಕು ನಮ್ಮ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ಬರ್ರಿ ಎಂದು ಎಷ್ಟು ಕರೆದರೂ ಬರಲಿಲ್ಲ. ನಾನು ಒಬ್ಬಳೇ ಕೂತು ಹೊಲಿಯುತ್ತಿದ್ದರೆ ಗೋಡೆಯಾಚೆಯಿಂದ ಕೇಳುವಳು, "ಎಲ್ಲಿ ಮಟಾ ಬಂತು?" ಒಂದು ದಿನ ನಾನು ಮಣೆಯ ಮೇಲೆ ನಿಂತು ಕೌದಿಯನ್ನು ಗೋಡೆಯ ಮೇಲಿಂದ ಆಚೆ ಇಳಿಬಿಟ್ಟೆ. ಆಕೆ ಅದನ್ನು ಮುಟ್ಟುವಳೋ ಇಲ್ಲವೋ ಎಂದು ಉಸಿರು ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಅದು ತಿರುಗಿ ಬಂತು, ಜೊತೆಗೆ ದನಿಯೂ ಬಂತು. "ಎಡಗಡೆ ಅಂಚಿಗೆ ಒಂದು ಗಂಟು ಐತಿ. ಬಿಚ್ಚವಾ." ನಾನು ಅಳುತ್ತ ಬಿಚ್ಚಿದೆ. ಆ ಕೌದಿಯ ಕೆಳಗೆ ನನ್ನ ಮಗಳು ಬೆಳೆದಳು. ಕಾಕು ಅವಳನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ.

ಅರವತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಕಾಕು ಜ್ವರದಿಂದ ತೀರಿಕೊಂಡಳು. ಉಡಿಸಲು ಸೀರೆ ಹುಡುಕುತ್ತ ನಾನೇ ಟ್ರಂಕು ತೆಗೆದೆ. ತಳದಲ್ಲಿ ಆ ಕೌದಿ ಇತ್ತು. ಅಂದು ಪೋಣಿಸಿದ ದಾರ ಹಾಗೇ ಇತ್ತು, ಸೂಜಿ ತುಕ್ಕು ಹಿಡಿದು ಅರಿವೆಗೆ ಕಲೆ ಬಿದ್ದಿತ್ತು. ಕುಂಬಾರವಾಡಕ್ಕೆ ಸುದ್ದಿ ಹೋಗಿತ್ತು, ಬಸ್ಸು ಇನ್ನೂ ಬಂದಿರಲಿಲ್ಲ.

ನಾನು ನಮ್ಮ ಮನೆಗೆ ಹೋಗಿ ಬುಟ್ಟಿಯಿಂದ ಒಂದು ಚೂರು ರೊಟ್ಟಿ ಮುರಿದು ತಂದೆ. ಕೌದಿಯ ಬಾಯಲ್ಲಿಟ್ಟೆ. ಆ ತುಕ್ಕು ಹಿಡಿದ ಸೂಜಿಯಿಂದಲೇ ಮೂಲೆ ಮುಚ್ಚಿ ಹೊಲಿದೆ. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಮುಗಿಸಿ ಕೆನ್ನೆಗೆ ಹಚ್ಚಿ ನೋಡಿದರೆ, ಗಂಟು ಮೇಲೆಯೇ ಬಂದಿತ್ತು, ಚುಚ್ಚಿತು. ಬಿಚ್ಚು ಅನ್ನುವವರು ಯಾರೂ ಇರಲಿಲ್ಲ. ಹಾಗೆಯೇ ಮಡಚಿ ಕಾಕುವಿನ ಎಡಗೆನ್ನೆಯ ಕೆಳಗೆ ಇಟ್ಟೆ.