ಶಕುಂತಲಕ್ಕನ ಬಲಗಾಲಿನ ಚಪ್ಪಲಿ

2009ರಲ್ಲಿ ನಾನು ಥಾಣೆ ಸ್ಟೇಷನ್ ಪಕ್ಕದ ಒಂದು ಚಿಕ್ಕ ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಹನ್ನೊಂದು ವರ್ಷದ ಅನುಭವ, ಅದರ ಎರಡು ಪಟ್ಟು ಜಂಬ. ಸಂಜೆ ಐದರಿಂದ ಎಂಟರೊಳಗೆ ಹದಿನಾಲ್ಕು ರೋಗಿಗಳು. ಸೊಂಟ ಎಂದವರಿಗೆ ಸೊಂಟ, ಕುತ್ತಿಗೆ ಎಂದವರಿಗೆ ಕುತ್ತಿಗೆ; ಯಾರಾದರೂ ಮನೆಕಥೆ ತೆಗೆದರೆ ನನಗೆ ಸಿಟ್ಟು ಬರುತ್ತಿತ್ತು.

ಆ ಜೂನ್‌ನಲ್ಲಿ ಶಕುಂತಲಕ್ಕ ಬಂದರು. ನಲವತ್ನಾಲ್ಕು ವರ್ಷ, ಉಡುಪಿ ಕಡೆಯವರು, ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಟಿಟ್ವಾಳಾದಲ್ಲಿ ಮನೆ, ಥಾಣೆಯ ವಾಗ್ಳೆ ಎಸ್ಟೇಟ್‌ನ ಒಂದು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಸೊಂಟದಿಂದ ಬಲಗಾಲಿಗೆ ಇಳಿಯುವ ನೋವು. ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ತುಸು ಜಾರಿರಬೇಕು ಎಂದು ಅಂದಾಜಿಸಿ ಎರಡು ಸಂಜೆ ಶಾಖ ಕೊಟ್ಟೆ, ಪಟ್ಟಿ ಕಟ್ಟಿ ಯಂತ್ರದಿಂದ ಸೊಂಟ ಎಳೆಯುವ ಟ್ರಾಕ್ಷನ್ ಕೊಟ್ಟೆ, ಕಳಿಸಿದೆ.

ಮೂರನೆಯ ಸಂಜೆ ಒಳಗೆ ಬಂದಾಗ ಅವರ ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ.

“ಶಕುಂತಲಕ್ಕ, ಚಪ್ಪಲಿ ಎಲ್ಲಿ?”

ಅವರು ಬಗ್ಗಿ ನೋಡಿ ನಕ್ಕರು. “ಅಯ್ಯೋ ದೇವರೇ! ಸ್ಟೇಷನ್ ಬ್ರಿಜ್ ಮೇಲೆ ಜನರ ಗರ್ದಿಯಲ್ಲಿ ಹೋಗಿರ್ಬೇಕು. ಗೊತ್ತೇ ಆಗ್ಲಿಲ್ಲ ಮಾರಾಯ್ರೆ.”

ನನಗೆ ನಗು ಬರಲಿಲ್ಲ. ಬರಿಗಾಲಲ್ಲಿ ಮೆಟ್ಟಿಲಿಳಿದು ರಸ್ತೆ ದಾಟಿದ್ದಾರೆ, ಕಾಲಿಗೆ ಗೊತ್ತಾಗಿಲ್ಲ! ಮಲಗಿಸಿ ಪರೀಕ್ಷಿಸಿದೆ. ಬಲಪಾದ ಮೇಲೇಳುತ್ತಿಲ್ಲ. ಎಡಗಾಲಿಗೂ ಜೋಮು ಹತ್ತಿದೆ. ಟ್ರಾಕ್ಷನ್ ಪಟ್ಟಿ ಬದಿಗಿಟ್ಟು, ಅವರ ತಲೆಯ ಬಳಿ ಕುರ್ಚಿ ಎಳೆದುಕೊಂಡು ಕೂತೆ. ಹೊರಗೆ ಆರು ಜನ ಕಾಯುತ್ತಿದ್ದರು.

“ಬೆಳಿಗ್ಗೆ ಎದ್ದಾಗಿನಿಂದ ನಿಮ್ಮ ದಿನ ಹೇಗೆ ಹೋಗ್ತದೆ ಹೇಳಿ ಅಕ್ಕ. ಒಂದನ್ನೂ ಬಿಡಬೇಡಿ.”

ಐದಕ್ಕೆ ಎದ್ದು ಡಬ್ಬಿ ಕಟ್ಟುವುದು, ಆರು ಗಂಟೆಯ ಲೋಕಲ್, ನಿಂತೇ ಪ್ರಯಾಣ, ಕಾರ್ಖಾನೆಯಲ್ಲೂ ನಿಂತೇ ಕೆಲಸ. “ನೀರು?” ಎಂದೆ.

“ನೀರು ಕುಡಿಯುದಿಲ್ಲ. ಕುಡಿದ್ರೆ ಹೋಗ್ಲಿಕ್ಕೆ ಎಲ್ಲಿ ಉಂಟು? ಏನಿದ್ರೂ ಮನೆಗೆ ಮುಟ್ಟಿದ ಮೇಲೆಯೇ.”

“ನಿನ್ನೆ ಮನೆಗೆ ಮುಟ್ಟಿದ ಮೇಲೆ ಹೋದ್ರಾ?”

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. “ಬರ್ಲಿಲ್ಲ ಡಾಕ್ಟ್ರೇ. ಇವತ್ತು ಬೆಳಿಗ್ಗೆಯೂ ಇಲ್ಲ. ನೀರು ಕುಡಿಯದ್ದಕ್ಕೆ ಅಂತ ಸುಮ್ಮನಾದೆ. ಅಲ್ಲಿ ಮುಟ್ಟಿದ್ರೂ ಗೊತ್ತಾಗುದಿಲ್ಲ ಈಗ.”

ಕಿಬ್ಬೊಟ್ಟೆ ಮುಟ್ಟಿದೆ; ಮೂತ್ರ ತುಂಬಿ ಗಟ್ಟಿಯಾಗಿ ಉಬ್ಬಿತ್ತು. ಇದಕ್ಕೆ ಕಾಡಾ ಇಕ್ವೈನಾ ಸಿಂಡ್ರೋಮ್ ಎನ್ನುತ್ತಾರೆ. ಜಾರಿದ ಡಿಸ್ಕ್ ಬೆನ್ನುಹುರಿಯ ತುದಿಯ ನರಗಳ ಗೊಂಚಲನ್ನೇ ಅದುಮಿಬಿಡುತ್ತದೆ. ತಡವಾದರೆ ಕಾಲಿನ ಬಲ, ಮೂತ್ರದ ಹಿಡಿತ ಎರಡೂ ಹೋಗುತ್ತವೆ, ಹೋದದ್ದು ಮರಳದೆಯೂ ಇರಬಹುದು. ಅವರು ಹಿಂದಿನ ದಿನ ಬೆಳಿಗ್ಗೆ ಕೊನೆಯ ಬಾರಿ ಮೂತ್ರಕ್ಕೆ ಹೋಗಿ ಮೂವತ್ತಾರು ಗಂಟೆಯಾಗಿತ್ತು. ಆ ನಡುವೆಯೇ ನಾನು ಒಮ್ಮೆ ಅವರ ಸೊಂಟ ಎಳೆದು ಕಳಿಸಿದ್ದೆ.

“ನಾಳೆ ನೋಡುವ ಡಾಕ್ಟ್ರೇ, ಟ್ರೇನ್ ತಪ್ತದೆ” ಎಂದರು.

“ಟ್ರೇನ್ ಹಾಳಾಗಿ ಹೋಗ್ಲಿ!” ಎಂದು ಕೂಗಿದೆ. ರಿಕ್ಷಾದಲ್ಲಿ ಕೂರಿಸಿಕೊಂಡು ನಾನೇ ಆಸ್ಪತ್ರೆಗೆ ಕರೆದೊಯ್ದೆ.

ಎಂಆರ್‌ಐ ನನ್ನ ಭಯವನ್ನೇ ಹೇಳಿತು. ಮರುದಿನ ಬೆಳಿಗ್ಗೆಯೇ ಆಪರೇಷನ್ ಆಯಿತು. ಮೂತ್ರಕ್ಕೆ ಹಾಕಿದ ನಳಿಕೆ ತೆಗೆಯಲು ಐದು ವಾರ ಬೇಕಾಯಿತು. ದೀಪಾವಳಿಯ ಹೊತ್ತಿಗೆ ಅವರು ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಿಕೊಂಡು ನಡೆದೇ ಬಂದರು. ಕೆಲಸಕ್ಕೂ ಮರಳಿದ್ದರು.

“ಈಗಲಾದ್ರೂ ನೀರು ಕುಡೀತೀರಾ?”

“ಮನೆಯಲ್ಲಿ ಕುಡೀತೇನೆ. ಹೊರಗೆ ಇರುವಾಗ ಬಂದ್ರೆ ಎಲ್ಲಿಗೆ ಹೋಗುದು?” ಎನ್ನುತ್ತ ನನ್ನ ಬೆನ್ನ ಹಿಂದಿನ ಬಾಗಿಲಿನತ್ತ ನೋಡಿದರು. ಅದು ಕ್ಲಿನಿಕ್‌ನ ಟಾಯ್ಲೆಟ್. ‘ಸಿಬ್ಬಂದಿಗೆ ಮಾತ್ರ’ ಎಂಬ ಬೋರ್ಡು ನಾನೇ ಹಾಕಿಸಿದ್ದು. “ಆ ಎರಡು ದಿನ ಇದರ ಎದುರೇ ಕೂತಿದ್ದೆ. ಕೇಳ್ಲಿಕ್ಕೆ ನಾಚಿಕೆ ಆಯ್ತು.”

ಬೋರ್ಡನ್ನು ಅಂದೇ ಕಿತ್ತೆ. ಕಾಲನ್ನು ನೋಡುವ ಮೊದಲು ಆ ಕಾಲು ಬೆಳಗಿನಿಂದ ಎಲ್ಲೆಲ್ಲಿ ನಿಂತಿತ್ತು ಎಂದು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಶಕುಂತಲಕ್ಕ ಆಮೇಲೂ ಬರುತ್ತಿದ್ದರು. ಬಲಪಾದ ಸ್ವಲ್ಪ ಎಳೆಯುತ್ತಿತ್ತು, ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಕೇಳುತ್ತಿತ್ತು. ನಾನು ಕೇಳದೆ ಕಳೆದ ಆ ಎರಡು ಸಂಜೆಗಳನ್ನು ಕಾರಿಡಾರಿನಿಂದಲೇ ಆ ಸದ್ದು ನೆನಪಿಸುತ್ತಿತ್ತು.