ಎಡಕ್ಕೆ ಕೂತ ಹುಡುಗಿ

ಕಾನೂನು ಓದುತ್ತಿದ್ದ ನಾಲ್ಕನೇ ವರ್ಷದ ಬೇಸಿಗೆ ರಜೆಗೆ ನಾನು ಊರಿಗೆ ಹೋಗಲಿಲ್ಲ. ರಾಜಾಜಿನಗರದ ಒಬ್ಬ ವಕೀಲೆಯ ಹತ್ತಿರ ಇಂಟರ್ನ್ ಆಗಿ ಸೇರಿಕೊಂಡೆ. ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದು ನಿಲ್ಲಬೇಕೆಂದು ಸರ್ಕಾರಕ್ಕೆ ಕೊಡಲು ಅವರು ಒಂದು ವರದಿ ಬರೆಯುತ್ತಿದ್ದರು. ಅದನ್ನು ನಿಷೇಧಿಸುವ ಕೇಂದ್ರದ ಕಾನೂನು ಬರುವುದಕ್ಕೆ ಇನ್ನೂ ಕೆಲವು ವರ್ಷ ಇತ್ತು. ಹಳೇ ತೀರ್ಪುಗಳನ್ನು ಓದಿ, ಒಂದೊಂದಕ್ಕೂ ಒಂದು ಪುಟದ ಸಾರಾಂಶ ಬರೆಯುವುದು ನನ್ನ ಕೆಲಸ.

ಕಚೇರಿ ಅಂದರೆ ಮಹಡಿ ಮೇಲಿನ ಎರಡು ಕೋಣೆ. ಕೆಳಗೆ ಸೀರೆಗೆ ಫಾಲ್ ಹಾಕುವ ಅಂಗಡಿ. ಮೇಡಂ ಬೆಳಿಗ್ಗೆಯೆಲ್ಲ ಕೋರ್ಟಿನಲ್ಲಿರುತ್ತಿದ್ದರು. ಅವರು ಬರುವವರೆಗೆ ನಾನು ಮತ್ತು ಆ ಫೈಲುಗಳು. ಕಾಲು ಮುರಿದದ್ದು, ಹಲ್ಲು ಬಿದ್ದದ್ದು, ಹುಡುಗನೊಬ್ಬ ಬಿಸಿಲಿನಲ್ಲಿ ಮಂಡಿಯೂರಿ ಪ್ರಜ್ಞೆ ತಪ್ಪಿದ್ದು. ಓದಿದ್ದನ್ನು ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸುತ್ತಿತ್ತು, ಆದರೆ ಮಾತಾಡಲು ಯಾರೂ ಇರಲಿಲ್ಲ.

ವಿಜಯನಗರದ ಪಿಜಿಯಲ್ಲಿ ಒಂದು ಕೋಣೆಗೆ ಮೂವರಿದ್ದೆವು. ನನಗೆ ಎಡಗಿವಿ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಆಗ ಅದು ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಎಡಗಡೆ ಮಂಚದ ಹುಡುಗಿ ಮೊದಮೊದಲು ಏನೇನೋ ಮಾತಾಡಿಸಿದ್ದಳಂತೆ. ನಾನು ಉತ್ತರ ಕೊಡದಿದ್ದಕ್ಕೆ ಬಿಟ್ಟುಬಿಟ್ಟಳು. ಒಂದು ಬೆಳಿಗ್ಗೆ ತಿಂಡಿ ಸಾಲಿನಲ್ಲಿ ನಿಂತಿದ್ದಾಗ ಅವಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು, "ಅವಳಿಗೆ ತುಂಬಾ ಜಂಬ ಕಣೇ. ಮಾತಾಡ್ಸಿದ್ರೂ ತಿರುಗಿ ನೋಡಲ್ಲ." ಅದು ಬಲಗಡೆಯಿಂದ ಬಂದದ್ದರಿಂದ ನನಗೆ ಚೆನ್ನಾಗಿಯೇ ಕೇಳಿಸಿತು. ತಿರುಗಿ ಹೇಳಬಹುದಿತ್ತು. ತಟ್ಟೆ ತೆಗೆದುಕೊಂಡು ಮೂಲೆಗೆ ಹೋಗಿ ಕೂತೆ.

ಮೂರನೇ ವಾರ ಮೇಡಂ ದಂಡಸಂಹಿತೆಯ ಒಂದು ಸೆಕ್ಷನ್ ತೆಗೆದು ಮುಂದಿಟ್ಟರು. ಹನ್ನೆರಡು ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕೆಂದು, ಪೋಷಕರ ಒಪ್ಪಿಗೆಯಿಂದ, ಸದುದ್ದೇಶದಿಂದ ಮಾಡಿದ್ದು ಅಪರಾಧವಾಗುವುದಿಲ್ಲ ಎಂದು ಹೆಚ್ಚುಕಡಿಮೆ ಅದರ ಅರ್ಥ. ಮೇಷ್ಟರ ಪರ ವಾದಿಸುವವರೆಲ್ಲ ಅದನ್ನೇ ಹಿಡಿಯುತ್ತಿದ್ದರು.

"ಹೊಡೆಯೋದು ಮೇಷ್ಟ್ರು. ಒಪ್ಪಿಗೆ ಕೊಟ್ಟಿರೋದು ಅಪ್ಪ ಅಮ್ಮ. ಹಾಗಾದ್ರೆ ಯಾರನ್ನ ಕೇಳಬೇಕು ಹೇಳು?" ಎಂದರು ಮೇಡಂ.

"ಮಗೂನ."

"ಹೂಂ. ಹೋಗಿ ಕೇಳ್ಕೊಂಡು ಬಾ."

ಹಾಗೆ ಒಂದು ಭಾನುವಾರ ಕೆಂಗೇರಿಗೆ ಹೋದೆ. ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಮನೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ, ಒಂಬತ್ತು ವರ್ಷದ ಮಗಳು. ಪರೀಕ್ಷೆಯ ಸಮಯದಲ್ಲಿ ಆ ಹುಡುಗಿಯ ಕೈಗೆ ಪಟ್ಟಿ ಹಾಕಿದ್ದನ್ನು ಕಂಡ ಪಕ್ಕದ ಮನೆಯವರೊಬ್ಬರು ಮೇಡಂಗೆ ಫೋನ್ ಮಾಡಿದ್ದರು. ತಾಯಿ ನನ್ನನ್ನು ಚಾಪೆಯ ಮೇಲೆ ಕೂರಿಸಿ, "ಬಿದ್ದಳು ಮೇಡಂ, ಅಷ್ಟೇ," ಅಂದರು. ಸ್ವಲ್ಪ ಹೊತ್ತಾದ ಮೇಲೆ ಅವರಾಗಿಯೇ ಮುಂದುವರಿಸಿದರು. "ಹೊಡೆದ್ರೂ ಏನೀಗ? ಸೇರಿಸೋವಾಗ ನಾನೇ ಹೇಳಿದೀನಿ, ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ, ವಿದ್ಯೆ ಒಂದು ಹತ್ತಿಸಿ ಅಂತ."

ನನ್ನ ಪೆನ್ನು ನಿಂತಿತು. ಇದೇ ಮಾತನ್ನು ನಾನು ಮೊದಲೊಮ್ಮೆ ಕೇಳಿದ್ದೆ. ಒಂದನೇ ಕ್ಲಾಸಿಗೆ ಸೇರಿಸಿದ ದಿನ ನಮ್ಮವ್ವ ಸರ್‌ಗೆ ಹೇಳಿದ್ದಳು. ನಾಲ್ಕನೇ ಕ್ಲಾಸಿನಲ್ಲಿ ನಾನು ಹದಿನಾರರ ಮಗ್ಗಿ ತಪ್ಪಿದೆ, ಅದೇ ಸರ್ ಕಪಾಳಕ್ಕೆ ಹೊಡೆದರು. ಎರಡು ದಿನ ಎಡಗಿವಿ ಸೋರಿತು, ಆಮೇಲೆ ಕೇಳಲಿಲ್ಲ. ಮನೆಯಲ್ಲಿ ಎಲ್ಲರಿಗೂ "ಕಿವಿ ಸೋರಿ ಹಿಂಗಾತು" ಎಂದು ಹೇಳುತ್ತಿದ್ದರು, ನಾನೂ ಹಾಗೇ ಹೇಳುತ್ತ ಬೆಳೆದೆ.

ತಾಯಿ ಕಾಫಿ ಮಾಡಲು ಎದ್ದರು. ನಾನು ತಲೆ ತಗ್ಗಿಸಿ ಅವರ ಮಾತನ್ನು ಬರೆದುಕೊಳ್ಳುತ್ತಿದ್ದೆ. ಹುಡುಗಿ ಯಾವಾಗ ಬಂದು ನನ್ನ ಎಡಕ್ಕೆ ಕೂತಳೋ ಗೊತ್ತಾಗಲಿಲ್ಲ. ಕೆನ್ನೆಗೆ ಬಿಸಿಯುಸಿರು ತಾಗಿದಾಗ ತಿರುಗಿದೆ. ಅವಳ ತುಟಿ ಆಗಷ್ಟೇ ಮುಚ್ಚುತ್ತಿತ್ತು.

"ಏನಂದೆ ಪುಟ್ಟಿ?"

ಅವಳು ನನ್ನ ಮುಖವನ್ನೇ ನೋಡಿದಳು. "ಏನಿಲ್ಲ."

ಎರಡು ಸಲ ಕೇಳಿದೆ. ಅವಳು ಎದ್ದು ಅಮ್ಮನ ಹಿಂದೆ ಹೋಗಿ ನಿಂತಳು.

ಮರುದಿನ ಮೇಡಂ ಏನಾಯಿತೆಂದು ಕೇಳಿದರು. "ಮಗು ಹೇಳಿತು. ನನಗೆ ಕೇಳಿಸಲಿಲ್ಲ," ಅಂದೆ. ಅವರಿಗೆ ಅರ್ಥವಾಗಲಿಲ್ಲ. ಆಗ ಎಲ್ಲವನ್ನೂ ಹೇಳಿದೆ, ಕಿವಿ, ಮಗ್ಗಿ, ಅವ್ವನ ಮಾತು. ಹೇಳುವಾಗ ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನದನ್ನೂ ವರದಿಯಲ್ಲಿ ಬರಿ. ಬರೆಯೋಕೆ ಮನಸ್ಸಿದ್ರೆ ಮಾತ್ರ," ಅಂದರು. ಆಮೇಲೆ, "ಇನ್ನೊಂದ್ಸಲ ಹೋಗು," ಅಂದರು.

ಮುಂದಿನ ಭಾನುವಾರ ಹುಡುಗಿಯನ್ನು ಬಲಕ್ಕೆ ಕೂರಿಸಿಕೊಂಡೆ. ಪಕ್ಕದ ಮನೆ ಬೆಕ್ಕು ಮರಿ ಹಾಕಿದ್ದನ್ನು ಹೇಳಿದಳು. ನಮ್ಮ ಊರು ಎಷ್ಟು ದೂರ ಅಂತ ಕೇಳಿದಳು. ಅವಳ ತಾಯಿ ಸ್ಟವ್ ಮುಂದೆ ಬೆನ್ನು ಮಾಡಿ ಕೂತಿದ್ದರು.

"ಅವತ್ತು ಏನೋ ಹೇಳಿದ್ಯಲ್ಲ?" ಅಂದೆ.

"ಹೇಳಿದ್ನಲ್ಲ. ನೀವೇ ಸುಮ್ನಿದ್ರಿ."

"ನನಗೆ ಆ ಕಿವಿ ಕೇಳಲ್ಲ ಪುಟ್ಟಿ."

"ಯಾಕೆ?"

"ಸರ್ ಹೊಡೆದಿದ್ರು. ನಿನ್ನಷ್ಟೇ ಇದ್ದೆ."

ಅವಳು ಬಗ್ಗಿ ನನ್ನ ಎಡಗಿವಿಯನ್ನು ನೋಡಿದಳು. ಅಲ್ಲಿ ನೋಡುವುದಕ್ಕೆ ಏನೂ ಇಲ್ಲ. "ನಿಮ್ಮಮ್ಮ ಏನಂದ್ರು?" ಎಂದು ಕೇಳಿದಳು.

ಪಾತ್ರೆಯಲ್ಲಿ ಆಡುತ್ತಿದ್ದ ಸೌಟಿನ ಸದ್ದು ನಿಂತಿತ್ತು. ಅವಳ ತಾಯಿ ತಿರುಗದೆಯೇ, "ಡಸ್ಟರ್‌ನಲ್ಲಿ ಹೊಡೆದದ್ದು ಮೇಡಂ. ಗೆಣ್ಣಿನ ಮೇಲೆ. ಬರ್ಕೊಳ್ಳಿ, ಹೆಸರು ಮಾತ್ರ ಹಾಕ್ಬೇಡಿ," ಅಂದರು. ಆಮೇಲೆ ಹುಡುಗಿ ಒಂದೊಂದೇ ಹೇಳುತ್ತ ಹೋದಳು. ನಾನು ಬರೆದುಕೊಂಡೆ. ಮೊದಲ ದಿನ ಪಿಸುಗುಟ್ಟಿದ್ದು ಇದನ್ನೋ ಬೇರೆ ಏನನ್ನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ವಾರವೇ ಊರಿಗೆ ಫೋನ್ ಮಾಡಿದೆ. ಅವ್ವ ಪಕ್ಕದ ಮನೆಗೆ ಬಂದು ಮಾತಾಡಬೇಕಿತ್ತು.

"ಅವ್ವಾ, ಸರ್‌ಗೆ ನೀ ಹೊಡೀರಿ ಅಂತ ಹೇಳಿದ್ದಿ, ನೆನಪೈತಿ?"

"ಅವಾಗ ಎಲ್ಲಾರೂ ಹಂಗ ಅಂತಿದ್ರು," ಅಂದಳು.

ನನ್ನ ಕಿವಿ ಸೋರಿದ್ದು ಹೊಡೆತದಿಂದ ಅಂತ ಬಿಡಿಸಿ ಹೇಳಿದೆ. ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಇಬ್ಬರ ನಡುವೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಊಟ ಮಾಡಿದಿ?" ಅಂದಳು ಅವ್ವ.

ವರದಿಯಲ್ಲಿ ಹೆಸರಿಲ್ಲದ ಮಕ್ಕಳ ಹೇಳಿಕೆಗಳ ಸಾಲಿನಲ್ಲಿ ಆ ಹುಡುಗಿಯದು ಬಂತು, ಅದರ ಕೆಳಗೆ ನನ್ನದು ಬಂತು. ಮೇಡಂ ಅದನ್ನು ಶಿಕ್ಷಣ ಇಲಾಖೆಗೆ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದರು. ನಾನು ಕಾಲೇಜಿಗೆ ವಾಪಸಾಗುವವರೆಗೆ ಉತ್ತರ ಬಂದಿರಲಿಲ್ಲ. ಎಡಗಡೆ ಮಂಚದ ಹುಡುಗಿಗೆ ಹೇಳಬೇಕು ಅಂದುಕೊಳ್ಳುತ್ತಲೇ ಇದ್ದೆ. ಅಷ್ಟರಲ್ಲಿ ಅವಳು ಬಸವೇಶ್ವರನಗರದ ಬೇರೆ ಪಿಜಿಗೆ ಹೋದಳು.

ಹೊರಡುವ ಹಿಂದಿನ ದಿನ ಅವ್ವನೇ ಫೋನ್ ಮಾಡಿದಳು. ಅವಳಾಗಿ ಫೋನ್ ಮಾಡಿದ್ದೇ ಅಪರೂಪ.

"ಸರ್ ಮನೀಗೆ ಹೋಗಿದ್ನಿ," ಅಂದಳು. "ನನ್ನ ಮಗಳ ಕಿವಿ ಹೋತ್ರಿ ಅಂದೆ."

"ಏನಂದ್ರು?"

"ಅವ್ರಿಗೆ ನಿನ್ನ ನೆನಪ ಇಲ್ಲ. ವಯಸ್ಸಾಗೈತಿ. ಚಾ ಕೊಟ್ರು."

"ಕುಡದಿ?"

"ಇಲ್ಲ. ಅಲ್ಲೇ ಇಟ್ಟು ಬಂದೆ."