ರೇಡಿಯೇಟರಿನಲ್ಲಿ ಅಂಬಲಿ

ದೊಡ್ಡಮ್ಮನ ಉಗುರಿನ ಸಂದಿಯಲ್ಲಿ ಸದಾ ಕರಿ ಎಣ್ಣೆ ಇರುತ್ತಿತ್ತು. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲಿ ಮುದ್ದೆ ಕಟ್ಟಿ ಬಡಿಸಿದರೆ ನಮ್ಮಪ್ಪ ಮೂಗು ಮುರಿಯುತ್ತಿದ್ದರು. ತಿನ್ನುವುದನ್ನೇನೂ ಬಿಡುತ್ತಿರಲಿಲ್ಲ.

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಹಳೇ ಕಾರು ದೊಡ್ಡಮ್ಮನಿಗೆ ಉಳಿಯಿತು. ಓಡಿಸುವುದನ್ನೂ ಬಿಚ್ಚಿ ಜೋಡಿಸುವುದನ್ನೂ ಅವರೇ ಕಲಿಸಿದ್ದರು. ಐವತ್ತರ ದಶಕದ ಜಂಗಮಕೋಟೆಯಲ್ಲಿ ಗಂಡ ಸತ್ತವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರು ಓಡಿಸಿದರೆ ಊರು ಸುಮ್ಮನಿರುತ್ತದೆಯೇ? ಆಡಿಕೊಂಡವರ ಮನೆ ಮುಂದೆ ಅವಳು ಬೇಕೆಂದೇ ಹಾರನ್ ಒತ್ತುತ್ತಿದ್ದಳು. ದಿನಾ ನನ್ನನ್ನು ಶಿಡ್ಲಘಟ್ಟದ ಹೈಸ್ಕೂಲಿಗೆ ಬಿಟ್ಟು, ಸಂಜೆ ಕರೆತರುತ್ತಿದ್ದಳು. ವಯಸ್ಸಿಗೆ ಬಂದ ಹುಡುಗಿಯನ್ನು ಬಸ್ಸಿಗೆ ಹತ್ತಿಸುವುದಿಲ್ಲ ಎಂದು ಅಪ್ಪ ಹಟ ಹಿಡಿದಿದ್ದರು. ಕಾರು ನಿಂತರೆ ನನ್ನ ಓದೂ ನಿಲ್ಲುತ್ತಿತ್ತು.

ಒಂದು ಸಲ ಅಪ್ಪ ಆ ಕಾರನ್ನು ತಾವೇ ಓಡಿಸಿಕೊಂಡು ಗೌರಿಬಿದನೂರಿನ ಮದುವೆಗೆ ಹೋಗಿ ಬಂದರು. ಮರುದಿನ ಶಾಲೆಯ ದಾರಿಯಲ್ಲಿ ಅದು ಕುದಿದು, ಹಿಂದಿನಿಂದ ಬಿಳೀ ಹೊಗೆ ಕಕ್ಕಿ ನಿಂತೇಬಿಟ್ಟಿತು. ಎತ್ತು ಕಟ್ಟಿ ಮನೆಗೆ ಎಳೆಸಿದೆವು.

"ಹೆಂಗಸರ ಕೈಗೆ ಸಿಕ್ರೆ ಇನ್ನೇನಾಗ್ತದೆ? ಗುಜರಿಗೆ ಹಾಕಿ ಅತ್ತಿಗೆ. ಹುಡ್ಗಿ ಓದಿದ್ದೂ ಸಾಕು," ಅಂದರು ಅಪ್ಪ. ಆ ದನಿಯಲ್ಲಿದ್ದ ಖುಷಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ದೊಡ್ಡಮ್ಮ ಬಾನೆಟ್ ಎತ್ತಿದಳು. ಇಂಜಿನ್ ತಣ್ಣಗಿಡುವ ರೇಡಿಯೇಟರಿಗೆ ನೀರು ತುಂಬಿಸಿದಳು, ಸ್ವಲ್ಪ ಹೊತ್ತಿಗೆ ಇಳಿದುಹೋಯಿತು. ಕಾರಿನ ಅಡಿ ಬಗ್ಗಿ ನೋಡಿದರೆ ನೆಲ ಒಣಗಿಯೇ ಇತ್ತು.

"ಹೊರಗೆ ಬಿದ್ದಿಲ್ಲ ಅಂದ್ರೆ ಒಳಗೆ ಹೋಗ್ತಿದೆ ಕಣಮ್ಮ," ಅಂದಳು ನನಗೆ. ಇಂಜಿನ್ನಿನ ಎಣ್ಣೆ ನೋಡುವ ಕಡ್ಡಿ ಎಳೆದಳು. ಕರ್ರಗಿರಬೇಕಾದ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ನೊರೆಗಟ್ಟಿತ್ತು. ಇಂಜಿನ್ನಿನ ಮೇಲಿನ ಹೆಡ್ಡು ಬಿಚ್ಚಿದಾಗ ನೀರು, ಎಣ್ಣೆ ಬೆರೆಯದಂತೆ ತಡೆಯುವ ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಅಲ್ಲಿಂದಲೇ ನೀರು ಎಣ್ಣೆಗೆ ಇಳಿಯುತ್ತಿತ್ತು. "ಇದು ಸುಡೋಷ್ಟು ಕಾದಿದ್ದು ಯಾಕೆ?" ಎಂದು ಗೊಣಗುತ್ತಾ ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪು ಕಿತ್ತಳು. ನೀರು ಹರಿಯದಂತೆ ಕಟ್ಟಿಕೊಂಡಿದ್ದ, ಬೆಂದು ಗಟ್ಟಿಯಾದ ರಾಗಿ ಅಂಬಲಿ ಲೊಳಕ್ಕನೆ ಬಿತ್ತು.

ಅದನ್ನು ಬೊಗಸೆಯಲ್ಲಿ ಹಿಡಿದು ಅಪ್ಪ ಕೂತಿದ್ದ ಜಗಲಿಗೆ ನಡೆದಳು. "ನನ್ ಕಾರಿಗೆ ಉಣ್ಣಕ್ಕಿಕ್ಕಿದ ಪುಣ್ಯಾತ್ಮ ಯಾರಪ್ಪಾ?"

ಅಪ್ಪ ತಡವರಿಸಿದರು. "ಮದ್ವೆಯಿಂದ ಬರ್ತಾ ರೇಡಿಯೇಟರು ಸೋರ್ತಿತ್ತು ಅತ್ತಿಗೆ. ಹೊಸ ಮಡಕೆ ಸೋರಿದ್ರೆ ಅಂಬ್ಲಿ ಕಾಯಿಸಿ ತೂತು ಮುಚ್ಚಲ್ವಾ? ಹಂಗೇ ರಾಗಿಹಿಟ್ಟು ಕಲಸಿ ಹುಯ್ದೆ..."

"ಹುಯ್ದಿದ್ದು ದಡ್ಡತನ, ಹೋಗ್ಲಿ. ಹುಯ್ದು, ಬಾಯ್ಮುಚ್ಕೊಂಡು, ನನ್ ತಲೆಗೆ ಕಟ್ತೀಯಲ್ಲ! ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಬೆಂಗ್ಳೂರಿಂದ ಗ್ಯಾಸ್ಕೆಟ್ ಬರೋವರ್ಗೂ ನಿನ್ ಎತ್ತಿನ ಗಾಡಿ ಕಟ್ಟು. ಹುಡ್ಗೀನ ನೀನೇ ಸ್ಕೂಲಿಗೆ ಬಿಟ್ ಬಾ."

ಅಪ್ಪ ಕಟ್ಟಿದರು. ದಿನಾ ಬೆಳಿಗ್ಗೆ ಅವರು ಎತ್ತು ಕಟ್ಟುವವರೆಗೆ ಅವಳು ಸ್ಪ್ಯಾನರ್ ಹಿಡಿದು ಕೊಟ್ಟಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕಾರು ಮತ್ತೆ ಓಡಿತು. ನಾನು ಓದು ಮುಗಿಸಿ ಟೀಚರಾದೆ.

ಬಹಳ ವರ್ಷಗಳ ಮೇಲೆ ದೊಡ್ಡಮ್ಮ ತೀರಿಕೊಂಡಳು. ಅಂಗಳದಲ್ಲಿ ಮಲಗಿಸಿದ್ದರು. ಬಂದವರಿಗೆಲ್ಲ ಅಪ್ಪ ಕಣ್ಣೊರೆಸಿಕೊಂಡು ಹೇಳುತ್ತಿದ್ದರು: "ನಮ್ಮತ್ತಿಗೆ ದೇವರಂಥೋರು. ಒಂದು ದಿನಾನೂ ಎದುರು ಮಾತಾಡಿದೋರಲ್ಲ."

ನನಗೆ ತಡೆಯಲಾಗಲಿಲ್ಲ. "ಸುಳ್ಳು ಹೇಳ್ಬೇಡಿ ಅಪ್ಪಾ," ಎಂದು ಎಲ್ಲರೆದುರೇ ಕೂಗಿದೆ. "ದಿನಾ ಆಡಿದ್ಲು. ಆಡಿದ್ದಕ್ಕೇ ನಾನು ಓದಿದ್ದು."